ಮೊದಲು ಗೋಡೆ, ಆಮೇಲೆ ರೈಫಲ್: ಬೆಂಗಳೂರಿನ ಮನೆಯಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

"ಏರ್ ರೈಫಲ್ ತಗೋಬೇಕು, ಯಾವ ಕಂಪನಿ ಒಳ್ಳೇದು ಹೇಳಿ ಸಾರ್" ಎಂದು ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು, ಎಲ್ಲಿ ಹೋಗಿ ನಿಲ್ಲುತ್ತದೆ? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ರೈಫಲ್ ಮನೆಗೆ ಬಂದಿರುತ್ತದೆ, ಡಬ್ಬಿ ಬಿಚ್ಚಿ ಆಗಿರುತ್ತದೆ, ಆಮೇಲೆ ಜಾಗ ಹುಡುಕಲು ಶುರು ಮಾಡುತ್ತಾರೆ. ಇದು ಪೂರ್ತಿ ಉಲ್ಟಾ. ಗೋಡೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಗೋಡೆ, ಅದರ ಮುಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಅಂದರೆ ಟ್ರ್ಯಾಪ್, ಅಲ್ಲಿಂದ 10 ಮೀಟರ್, ಬೆಳಕು, ಆಮೇಲೆ ನಿಮ್ಮ ಮೈಗೆ ಕೂರುವ ರೈಫಲ್, ಕೊನೆಗೆ ಆ ರೈಫಲ್‌ಗೆ ಒಗ್ಗುವ ಪೆಲೆಟ್. ಇದೇ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಪಕ್ಕದ ಮನೆಯವರ ಕಿಟಕಿಯೂ ಉಳಿಯುತ್ತದೆ.

ಇನ್ನೊಂದು ಪ್ರಶ್ನೆಯೂ ಈಗ ಜಾಸ್ತಿ ಬರುತ್ತಿದೆ. ಅಮೆರಿಕದಲ್ಲಿರುವ ನೆಂಟರು ಗ್ಯಾರೇಜಿನಲ್ಲಿ ಪ್ರೊಗ್ರೆಸಿವ್ ಪ್ರೆಸ್ ಇಟ್ಟುಕೊಂಡು ಖಾಲಿ ಕೇಸುಗಳಿಗೆ ಮತ್ತೆ ಮದ್ದು ತುಂಬಿ ತಮ್ಮ ತೋಟಾ ತಾವೇ ಮಾಡಿಕೊಳ್ಳುತ್ತಾರೆ. ಒಂದೊಂದು ಸಲ ಹಿಡಿ ಎಳೆದಾಗಲೂ ಒಂದೊಂದು ತೋಟಾ ತಯಾರಾಗಿ ಬೀಳುವುದನ್ನು ವಿಡಿಯೊದಲ್ಲಿ ನೋಡಿ, ಅಂಥದ್ದೊಂದು ತರಿಸಿಕೊಳ್ಳಬಹುದಾ ಎಂದು ಹುಡುಗರು ಕೇಳುತ್ತಾರೆ. ಬೇಡ. ನಮ್ಮ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಅದಕ್ಕೇ ಬೇರೆ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದರೂ ಮನೆಯಲ್ಲಿ ಕೂತು ತೋಟಾ ಮಾಡುವ ಹಾಗಿಲ್ಲ. ಆದರೆ ಆ ಕೆಲಸದಲ್ಲಿರುವ ಖುಷಿ, ಅಂದರೆ ನೂಲಿನಷ್ಟು ವ್ಯತ್ಯಾಸವನ್ನು ಅಳೆದು ತೂಗಿ ಒಂದೇ ತೂತಿನಲ್ಲಿ ಹತ್ತು ಗುಂಡು ಹೋಗುವ ಹಾಗೆ ಮಾಡುವ ಖುಷಿ, ಏರ್ ರೈಫಲ್‌ನಲ್ಲೂ ಅಷ್ಟೇ ಇದೆ.

ಕಾನೂನು: ಎರಡು ಅಂಕಿ ನೆನಪಿಡಿ

4.5 ಮಿ.ಮೀ. ಮತ್ತು 20 ಜೂಲ್. ನಳಿಗೆಯ ಒಳತೂತಿನ ಅಳತೆ 4.5 ಮಿ.ಮೀ. ಮೀರಬಾರದು, ಪೆಲೆಟ್ ಹೊರಬರುವಾಗಿನ ಶಕ್ತಿ 20 ಜೂಲ್ ದಾಟಬಾರದು. 2016ರ ಆಯುಧ ನಿಯಮಗಳ ಪ್ರಕಾರ ಈ ಮಿತಿಯೊಳಗಿನ ಏರ್ ಗನ್‌ಗೆ ಲೈಸೆನ್ಸ್ ಬೇಡ. ಮೀರಿದರೆ ಬೇಕು. 5.5 ಮಿ.ಮೀ.ನದ್ದನ್ನು "ಪರವಾಗಿಲ್ಲ ಸಾರ್, ಎಲ್ಲರೂ ತಗೊಳ್ತಾರೆ" ಎಂದು ಯಾರಾದರೂ ಕೈಗೆ ಕೊಟ್ಟರೆ ವಾಪಸ್ ಕೊಟ್ಟು ಬನ್ನಿ.

ಸ್ಪರ್ಧೆಯ ರೈಫಲ್ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಸುಮಾರು 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಏಳೂವರೆ ಜೂಲ್ ಚಿಲ್ಲರೆ. ಕಾಗದಕ್ಕೆ ಅಷ್ಟು ಸಾಕು. ಹಾಗಾಗಿ ಅಂಗಡಿಯಲ್ಲಿ "ಪವರ್ ಜಾಸ್ತಿ" ಎಂದು ಹೊಗಳಿದರೆ ಅದನ್ನು ಗುಣ ಅಂದುಕೊಳ್ಳಬೇಡಿ, ನಮ್ಮ ಕೆಲಸಕ್ಕೆ ಅದೊಂದು ದೋಷ. ಬಿಲ್ ತಗೊಳ್ಳಿ, ಗುರುತಿನ ಚೀಟಿ ಕೊಟ್ಟು ಹೆಸರು ಬರೆಸಿ, ಆ ಬಿಲ್ಲಿನ ಪ್ರತಿಯನ್ನು ಗನ್ ಚೀಲದಲ್ಲೇ ಇಡಿ. ಪಾರಿವಾಳ, ಕೋತಿ, ಬೀದಿನಾಯಿ ಕಡೆ ಗುರಿ ಇಡುವ ಯೋಚನೆ ಇದ್ದರೆ ಈ ಬರಹ ನಿಮಗಲ್ಲ. ಅದು ಅಪರಾಧ, ಮತ್ತು ಅದರಿಂದಾಗಿ ಇಡೀ ಆಟಕ್ಕೇ ಕೆಟ್ಟ ಹೆಸರು ಬರುತ್ತದೆ.

ಟೇಪು ಹಿಡಿದು ಮನೆ ಅಳೆಯಿರಿ

10 ಮೀಟರ್ ಅಂದರೆ 32 ಅಡಿ 10 ಇಂಚು. ಇದು ನೀವು ನಿಲ್ಲುವ ಗೆರೆಯಿಂದ ಕಾರ್ಡಿನವರೆಗಿನ (ಗುರಿಯ ವೃತ್ತ ಅಚ್ಚಾದ ಕಾಗದದವರೆಗಿನ) ದೂರ ಮಾತ್ರ. ಗೆರೆಯ ಹಿಂದೆ ನಿಲ್ಲಲು ಎರಡಡಿ, ಕಾರ್ಡಿನ ಹಿಂದೆ ಟ್ರ್ಯಾಪ್‌ಗೆ ಒಂದಡಿ ಸೇರಿಸಿ. ಒಟ್ಟು 36 ಅಡಿ ಬೇಕು.

30-40 ಸೈಟಿನ ಮನೆಯಲ್ಲಿ ಹಿಂದೆ ಮುಂದೆ ಬಿಟ್ಟ ಜಾಗ ಕಳೆದರೆ ಉದ್ದಕ್ಕೆ 34-35 ಅಡಿ ಉಳಿಯುತ್ತದೆ. ಸ್ವಲ್ಪದರಲ್ಲಿ ತಪ್ಪುತ್ತದೆ. ಅಂಥ ಮನೆಯಲ್ಲಿ ಹಾಲ್‌ನಿಂದ ಹಿಂದಿನ ರೂಮಿನವರೆಗೆ ಬಾಗಿಲುಗಳು ಒಂದೇ ಸಾಲಿನಲ್ಲಿ ಇವೆಯಾ ನೋಡಿ, ಸ್ವಲ್ಪ ಓರೆಯಾಗಿ ದಾರ ಕಟ್ಟಿ ಅಳೆದರೆ ಒಂದೆರಡು ಅಡಿ ಹೆಚ್ಚು ಸಿಗಬಹುದು. 20-30 ಸೈಟಿನಲ್ಲಿ ಪೂರ್ತಿ 10 ಮೀಟರ್ ಸಿಗುವುದಿಲ್ಲ, ಅದಕ್ಕೆ ಕೊರಗಬೇಡಿ. ಕಾರ್ಡನ್ನೇ ಚಿಕ್ಕದು ಮಾಡಿ. ರೈಫಲ್ ಕಾರ್ಡಿನ ಕಪ್ಪು ವೃತ್ತ 30.5 ಮಿ.ಮೀ. ಇರುತ್ತದೆ. 8 ಮೀಟರ್ ಜಾಗ ಇದ್ದರೆ ಅದನ್ನು 24.4 ಮಿ.ಮೀ.ಗೆ ಪ್ರಿಂಟ್ ಹಾಕಿಸಿ, 5 ಮೀಟರ್ ಇದ್ದರೆ ಅರ್ಧಕ್ಕೆ ಇಳಿಸಿ. ರೈಫಲ್ಲಿನ ಸೈಟಿನಲ್ಲಿ, ಅಂದರೆ ಗುರಿ ನೋಡುವ ಸಾಧನದಲ್ಲಿ, ನೋಡಿದಾಗ ಕಣ್ಣಿಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಒಂದು ಮಾತು ನೆನಪಿರಲಿ. ಕಾರ್ಡ್ ಚಿಕ್ಕದಾದರೂ ಪೆಲೆಟ್ 4.5 ಮಿ.ಮೀ.ನದ್ದೇ ಆದ್ದರಿಂದ ಅಂಕ ಪುಕ್ಕಟೆಯಾಗಿ ಜಾಸ್ತಿ ಬರುತ್ತದೆ. ಆ ಅಂಕವನ್ನು ರೇಂಜ್‌ನಲ್ಲಿ ತೆಗೆದ ಅಂಕದ ಜೊತೆ ಹೋಲಿಸಬೇಡಿ.

ಬಾಗಿಲ ಸಾಲಿನಲ್ಲಿ ಹೊಡೆಯುವುದಾದರೆ, ನಿಮ್ಮ ಗೆರೆಗೂ ಕಾರ್ಡಿಗೂ ನಡುವೆ ಪಕ್ಕದಿಂದ ಯಾರೂ ಬರುವ ಹಾಗಿರಬಾರದು. ಬಚ್ಚಲ ಬಾಗಿಲು, ಅಡುಗೆಮನೆ ಬಾಗಿಲು, ಎಲ್ಲಕ್ಕೂ ಚಿಲಕ ಬೀಳಬೇಕು, ಅದೂ ನೀವಿರುವ ಕಡೆಯಿಂದ. ಒಳಗೆ ಯಾರಾದರೂ ಇದ್ದರೆ ಹೊಡೆಯುವುದನ್ನು ನಿಲ್ಲಿಸಿ. ಇದಕ್ಕೆ ವಿನಾಯಿತಿ ಇಲ್ಲ.

ಟೆರೇಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ನಿಂತು ಹೊಡೆಯುವಾಗ ಕಾರ್ಡಿನ ಮಧ್ಯಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿ ಇರಬೇಕು. ಅಂದರೆ ನಾಲ್ಕೂವರೆ ಅಡಿಗಿಂತ ಮೇಲೆ. ನಮ್ಮ ಪ್ಯಾರಾಪೆಟ್ ಗೋಡೆಗಳು ಸಾಮಾನ್ಯವಾಗಿ ಮೂರು, ಮೂರೂವರೆ ಅಡಿ. ಕಾರ್ಡ್ ತಪ್ಪಿದ ಪೆಲೆಟ್ ಪ್ಯಾರಾಪೆಟ್ ಮೇಲಿಂದ ಹಾದು ನೇರವಾಗಿ ಹಿಂದಿನ ಬೀದಿಯವರು ಬಟ್ಟೆ ಒಣಹಾಕುವ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಟೆರೇಸಿನಲ್ಲಿ ಹೊಡೆಯಲೇಬೇಕು ಅಂದರೆ ಕಾರ್ಡ್ ಇಡಬೇಕಾದ್ದು ಪ್ಯಾರಾಪೆಟ್ ಮುಂದೆ ಅಲ್ಲ, ಮೆಟ್ಟಿಲು ಬಂದು ಸೇರುವ ಆ ಪುಟ್ಟ ಕೋಣೆಯ ಗೋಡೆ ಮುಂದೆ. ಆ ಗೋಡೆ ಏಳಡಿಯಾದರೂ ಎತ್ತರ ಇರುತ್ತದೆ. ಬಾಗಿಲು ಇರುವ ಗೋಡೆಯನ್ನು ಮಾತ್ರ ಆರಿಸಬೇಡಿ, ಯಾರೋ ಕಾಫಿ ಲೋಟ ಹಿಡಿದು ಅದೇ ಬಾಗಿಲಿಂದ ಬರುತ್ತಾರೆ. ಎರಡೂ ಪಕ್ಕಕ್ಕೆ ಶೇಡ್ ನೆಟ್ ಕಟ್ಟಿ. ಅದು ಪೆಲೆಟ್ ತಡೆಯುವುದಕ್ಕಲ್ಲ, ರೈಫಲ್ ಹಿಡಿದು ನಿಂತವರನ್ನು ದೂರದಿಂದ ನೋಡಿದವರು ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡದಿರಲಿ ಎಂದು. ಶುರು ಮಾಡುವ ಮೊದಲು ಅಕ್ಕಪಕ್ಕದವರನ್ನು ಒಂದು ಸಲ ಕರೆದು ತೋರಿಸಿ. ನಾನು ತೋರಿಸಿದ ಮೇಲೆ ಎದುರು ಮನೆಯ ಅಜ್ಜಿ ತಾನೂ ಒಂದು ಹೊಡೆದು ನೋಡುತ್ತೇನೆ ಅಂದರು, ಹೊಡೆದರು ಕೂಡ.

ಅಪಾರ್ಟ್‌ಮೆಂಟ್ ಬಾಲ್ಕನಿ, ಕಾರಿಡಾರ್, ಬೇಸ್‌ಮೆಂಟ್ ಪಾರ್ಕಿಂಗ್ ಯಾವುದೂ ಆಗುವುದಿಲ್ಲ.

ಟ್ರ್ಯಾಪ್: ಮೊದಲ ದುಡ್ಡು ಇಲ್ಲಿಗೆ ಹಾಕಿ

ನನ್ನ ಮೊದಲ ಟ್ರ್ಯಾಪ್ ಒಂದು ಮಿಕ್ಸಿ ಡಬ್ಬಿ. ಒಳಗೆ ಹಳೇ ಪೇಪರ್ ತುಂಬಿದ್ದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಅದೇ ಜಾಗಕ್ಕೆ ಬಿದ್ದೂ ಬಿದ್ದೂ ಪೇಪರ್ ಮಧ್ಯೆ ಹೆಬ್ಬೆರಳು ತೂರುವಷ್ಟು ಸುರಂಗ ಆಗಿತ್ತು. ಪೆಲೆಟ್ ಅದರೊಳಗಿಂದ ಹೋಗಿ ಗೋಡೆಗೆ ಬಡಿದು ತಿರುಗಿ ಬಂದು ನನ್ನ ಮೊಣಕಾಲಿನ ಕೆಳಗೆ ತಾಗಿತು. ಗಾಯ ಆಗಲಿಲ್ಲ. ನೆಲದಲ್ಲಿ ಹುಡುಕಿದಾಗ ಸೀರೆಯ ಚಮಕಿಯ ಹಾಗೆ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಅದು ಕಣ್ಣಿಗೆ ಬಂದಿದ್ದರೆ? ಅವತ್ತಿನಿಂದ ಕನ್ನಡಕ ಇಲ್ಲದೆ ನಾನು ಒಂದು ಪೆಲೆಟ್ಟೂ ಹೊಡೆದಿಲ್ಲ. ನೀವೂ ಹೊಡೆಯಬೇಡಿ.

ಸರಿಯಾದ ಟ್ರ್ಯಾಪ್‌ನ ಲೆಕ್ಕ ಸುಲಭ. ಒಂದಡಿ ಅಗಲ, ಒಂದಡಿ ಎತ್ತರದ ಬಾಯಿ ಇರುವ ಕಬ್ಬಿಣದ ಪೆಟ್ಟಿಗೆ. ಒಳಗೆ ಒಂದು ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಪ್ಲೇಟಿನ ಮೇಲಂಚು ನಿಮ್ಮ ಕಡೆ, ಕೆಳಅಂಚು ಹಿಂದಕ್ಕೆ. ಹಾಗಿದ್ದರೆ ಬಡಿದ ಪೆಲೆಟ್ ಕೆಳಕ್ಕೆ ತಿರುಗಿ ತಳದ ತಟ್ಟೆಗೆ ಬೀಳುತ್ತದೆ. ಉಲ್ಟಾ ನಿಲ್ಲಿಸಿದರೆ ಮೇಲಕ್ಕೆ ಚಿಮ್ಮುತ್ತದೆ, ಇದನ್ನು ವೆಲ್ಡರ್‌ಗೆ ಎರಡು ಸಲ ಹೇಳಿ. ಬಾಯಿ 12 ಇಂಚಾದರೆ ಓರೆ ಪ್ಲೇಟ್ 17 ಇಂಚು ಉದ್ದ ಬೇಕು, ಪೆಟ್ಟಿಗೆಯ ಆಳವೂ 12 ಇಂಚು. ಸ್ಪರ್ಧೆಯ ರೈಫಲ್‌ಗೆ 3 ಮಿ.ಮೀ. ಪ್ಲೇಟ್ ಸಾಕು. ಜೋರಾದ ಸ್ಪ್ರಿಂಗ್ ಗನ್ ಆದರೆ 5 ಮಿ.ಮೀ. ಹಾಕಿಸಿ. ತಳಕ್ಕೆ ಒಂದು ಹಳೇ ಟವೆಲ್ ಮಡಿಸಿ ಹಾಕಿ, ಬಿದ್ದದ್ದು ಪುಟಿಯುವುದಿಲ್ಲ.

ಪೀಣ್ಯ ಅಥವಾ ಕಾಮಾಕ್ಷಿಪಾಳ್ಯದ ಯಾವ ಚಿಕ್ಕ ಫ್ಯಾಬ್ರಿಕೇಶನ್ ಶೆಡ್‌ನಲ್ಲಾದರೂ ಇದನ್ನು ಮಾಡಿಕೊಡುತ್ತಾರೆ. ಬಾಯಿಮಾತಲ್ಲಿ ಹೇಳಬೇಡಿ, ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ ಮಾದರಿ ಒಯ್ಯಿರಿ. ಶಬ್ದದ ಬಗ್ಗೆಯೂ ಯೋಚಿಸಿ. ಏರ್ ರೈಫಲ್‌ಗಿಂತ ಪ್ಲೇಟಿಗೆ ಪೆಲೆಟ್ ಬಡಿಯುವ ಟಣ್ ಎಂಬ ಸದ್ದೇ ಜೋರು. ಪ್ಲೇಟಿನ ಹಿಂದೆ ಹಳೇ ಟ್ಯೂಬ್ ರಬ್ಬರ್ ಅಂಟಿಸಿದರೆ ಟಣ್ ಹೋಗಿ ಟಪ್ ಆಗುತ್ತದೆ.

ಟ್ರ್ಯಾಪ್ ಒಂದೇ ಸಾಲದು. ಅದರ ಹಿಂದೆ 4 ಅಡಿಗೆ 4 ಅಡಿಯ ದಪ್ಪ ಪ್ಲೈವುಡ್ ನಿಲ್ಲಿಸಿ, ಅದರ ಮುಂದೆ ಹಳೇ ಕಂಬಳಿ ಅಥವಾ ಜಮಖಾನ ಸಡಿಲವಾಗಿ ನೇತುಹಾಕಿ. ಬಿಗಿಯಾಗಿ ಹೊಡೆದು ಕೂರಿಸಬೇಡಿ. ನೇತಾಡುವ ಬಟ್ಟೆ ಪೆಲೆಟ್ಟಿನ ಜೋರನ್ನು ಕುಡಿದುಬಿಡುತ್ತದೆ. ಹೊಸಬರ ಪೆಲೆಟ್ ಟ್ರ್ಯಾಪ್ ತಪ್ಪುತ್ತದೆ, ಅದಕ್ಕೇ ಇದು.

ಬೆಳಕು

ಕಾರ್ಡಿನ ಮೇಲೆ 1500 ಲಕ್ಸ್ ಬೆಳಕು ಬೀಳಬೇಕು ಎಂಬುದು ಸ್ಪರ್ಧೆಯ ಲೆಕ್ಕ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಅಂದಾಜು ಕೊಡುತ್ತದೆ. ಕಾರ್ಡಿನಿಂದ ಎರಡು ಅಡಿ ಮುಂದೆ, ಮೇಲಿನಿಂದ ಒಂದು ಎಲ್‌ಇಡಿ ದೀಪ ಬಿಟ್ಟು, ಬಲ್ಬ್ ನಿಮ್ಮ ಕಣ್ಣಿಗೆ ಕಾಣದ ಹಾಗೆ ತಗಡಿನ ಮರೆ ಮಾಡಿ. ನೀವು ನಿಂತ ಜಾಗ ಪೂರ್ತಿ ಕತ್ತಲಿರಬಾರದು, ಕಣ್ಣು ಬೇಗ ದಣಿಯುತ್ತದೆ.

ಈಗ ರೈಫಲ್

ಇಲ್ಲಿಯವರೆಗೆ ಬಂದಿದ್ದರೆ ಈಗ ರೈಫಲ್ ನೋಡಲು ಹೋಗಬಹುದು. ಅದಕ್ಕಿಂತ ಮುಂಚೆ ಯಾವುದಾದರೂ ಶೂಟಿಂಗ್ ಕ್ಲಬ್‌ನಲ್ಲಿ ಒಂದು ತಿಂಗಳು ಅವರ ರೈಫಲ್, ಅವರ ಪಿಸ್ತೂಲ್ ಎರಡನ್ನೂ ಹಿಡಿದು ನೋಡಿ. ಕೆಲವರ ಕೈ ಪಿಸ್ತೂಲಿಗೆ ಒಗ್ಗುತ್ತದೆ. ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಟಿ.ಎಸ್. ದಿವ್ಯಾ 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ತಂದರು, ಅದೂ ಏರ್ ಪಿಸ್ತೂಲಿನಲ್ಲೇ. ಈ ಬರಹದಲ್ಲಿ ರೈಫಲ್ ಬಗ್ಗೆ ಮಾತ್ರ ಹೇಳುತ್ತೇನೆ, ಆದರೆ ಗೋಡೆ, ಟ್ರ್ಯಾಪ್, ಬೆಳಕು ಎರಡಕ್ಕೂ ಒಂದೇ.

ಏರ್ ರೈಫಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಸ್ಪ್ರಿಂಗ್‌ನದ್ದು, ಮತ್ತು ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ.

ಸ್ಪ್ರಿಂಗ್ ಗನ್‌ನಲ್ಲಿ ನಳಿಗೆ ಮಡಿಸಿ ಸ್ಪ್ರಿಂಗ್ ಒತ್ತುತ್ತೀರಿ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ. ತೊಂದರೆ ಏನೆಂದರೆ ಪೆಲೆಟ್ ನಳಿಗೆಯಿಂದ ಹೊರಬರುವ ಮೊದಲೇ ಆ ಪಿಸ್ಟನ್‌ನ ಕುಲುಕಾಟ ರೈಫಲ್ಲನ್ನು ಅಲ್ಲಾಡಿಸಿರುತ್ತದೆ. ಪ್ರತಿ ಸಲವೂ ಅದೇ ರೀತಿ, ಅಷ್ಟೇ ಸಡಿಲವಾಗಿ ಹಿಡಿದರೆ ಮಾತ್ರ ಗ್ರೂಪ್ ಬರುತ್ತದೆ, ಅಂದರೆ ತೂತುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಬೆಲೆ ಕಡಿಮೆ, ಪಂಪ್ ಬೇಡ, ರಿಪೇರಿ ಸುಲಭ. ಪ್ರೆಸಿಹೋಲ್‌ನಂಥ ದೇಶಿ ಕಂಪನಿಗಳವು ಸುಲಭವಾಗಿ ಸಿಗುತ್ತವೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಓಪನ್ ಸೈಟ್ (ತೂತಿನ ಬದಲು ಸಾದಾ ಕಚ್ಚಿನಲ್ಲಿ ಗುರಿ ನೋಡುವ) ವಿಭಾಗವೂ ಇರುವುದರಿಂದ ಇದರಲ್ಲೇ ಶುರು ಮಾಡಿದವರು ಸ್ಪರ್ಧೆಗೂ ಇಳಿಯಬಹುದು. ಪೆಲೆಟ್ ಇಲ್ಲದೆ ಸ್ಪ್ರಿಂಗ್ ಗನ್ನಿನ ಟ್ರಿಗರ್ ಎಳೆಯಬೇಡಿ. ಎದುರಿಗೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ನೇರ ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ.

ಪಿಸಿಪಿಯಲ್ಲಿ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ಗಾಳಿ ಇರುತ್ತದೆ, ಟ್ರಿಗರ್ ಎಳೆದಾಗ ಅಳತೆಯಷ್ಟು ಮಾತ್ರ ಹೊರಬರುತ್ತದೆ. ಅಲ್ಲಾಟ ಇಲ್ಲವೇ ಇಲ್ಲ ಅನ್ನಬಹುದು. ಫೈನ್‌ವರ್ಕ್‌ಬೌ, ವಾಲ್ಟರ್, ಸ್ಟೈರ್, ಆನ್‌ಶುಟ್ಸ್, ಪಾರ್ಡಿನಿ ಇವೆಲ್ಲ ಈ ಸಾಲಿನವು. ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಲು ಇವುಗಳಲ್ಲಿ ಬೇರೆ ಸೌಲಭ್ಯವೇ ಇರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ದೊಡ್ಡ ವರ. ಪೆಲೆಟ್ಟೂ ಬೇಡ, ಟ್ರ್ಯಾಪೂ ಬೇಡ, ಗೋಡೆಗೆ ಒಂದು ಕಪ್ಪು ಚುಕ್ಕೆ ಅಂಟಿಸಿ ದಿನಾ ಅರ್ಧ ಗಂಟೆ ಹಿಡಿದು ನಿಂತರೂ ಆಟ ಸುಧಾರಿಸುತ್ತದೆ. ಆದರೆ ಬೆಲೆ ಲಕ್ಷಗಳಲ್ಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಕ್ಕಳಿಗೆ ಆಸಕ್ತಿ ಎಷ್ಟು ದಿನ ಇರುತ್ತದೋ ಗೊತ್ತಿಲ್ಲದಿದ್ದರೆ ದೇಶಿ ಸ್ಪ್ರಿಂಗ್ ಗನ್ ತಗೊಳ್ಳಿ, ಉಳಿದ ದುಡ್ಡನ್ನು ಟ್ರ್ಯಾಪ್, ಪೆಲೆಟ್, ಕ್ಲಬ್ ಫೀಸಿಗೆ ಇಡಿ. ಆರು ತಿಂಗಳಾದ ಮೇಲೂ ಮಗು ಬೆಳಿಗ್ಗೆ ತಾನಾಗಿ ಎದ್ದು ಅಭ್ಯಾಸಕ್ಕೆ ನಿಂತರೆ ಆಗ ಪಿಸಿಪಿ. ಮಧ್ಯದ ದರ್ಜೆಯದ್ದನ್ನು ತಗೊಂಡು ಆಮೇಲೆ ಮತ್ತೆ ಬದಲಾಯಿಸುವುದೇ ಎಲ್ಲಕ್ಕಿಂತ ದುಬಾರಿ.

ಮೈಗೆ ಕೂರುತ್ತದಾ ನೋಡುವುದು ಹೇಗೆ

ಹೆಸರಿಗಿಂತ ಇದು ನೂರು ಪಾಲು ಮುಖ್ಯ. ರೈಫಲ್ ಎತ್ತಿ ಭುಜಕ್ಕೆ ಇಟ್ಟು, ಕೆನ್ನೆ ತಾಗಿಸಿ, ಕಣ್ಣು ಮುಚ್ಚಿ. ಎರಡು ಸಲ ಉಸಿರಾಡಿ. ಕುತ್ತಿಗೆ ಸಡಿಲ ಬಿಡಿ. ಈಗ ಕಣ್ಣು ತೆರೆಯಿರಿ. ಹಿಂದಿನ ಸೈಟಿನ ತೂತಿನ ಸರಿಯಾದ ಮಧ್ಯದಲ್ಲಿ ಮುಂದಿನ ಉಂಗುರ ಕಾಣಿಸಬೇಕು. ಕತ್ತು ಚಾಚಬೇಕಾಯಿತಾ? ಬಟ್ (ಭುಜಕ್ಕೆ ಒತ್ತುವ ಹಿಂಭಾಗ) ಉದ್ದ ಜಾಸ್ತಿ. ತಲೆ ಓರೆ ಮಾಡಬೇಕಾಯಿತಾ? ಕೆನ್ನೆಪಟ್ಟಿ ತಗ್ಗಿದೆ. ಇವೆರಡನ್ನೂ ಸ್ಕ್ರೂ ತಿರುಗಿಸಿ ಹೊಂದಿಸಿಕೊಳ್ಳುವ ಸೌಲಭ್ಯ ಇರುವ ಸ್ಟಾಕನ್ನೇ ಆರಿಸಿ, ಬೆಳೆಯುವ ಮಕ್ಕಳಿಗಂತೂ ಬೇರೆ ದಾರಿ ಇಲ್ಲ.

ಸ್ಪರ್ಧೆಯಲ್ಲಿ ರೈಫಲ್ ತೂಕ 5.5 ಕಿಲೋ ಮೀರಬಾರದು. ಅದು ಗರಿಷ್ಠ ಮಿತಿ, ಎಲ್ಲರೂ ಅಷ್ಟು ಹೊರಬೇಕೆಂದಲ್ಲ. ಹನ್ನೆರಡು ವರ್ಷದ ಮಗುವಿಗೆ ಅಷ್ಟು ಭಾರ ಕೊಟ್ಟರೆ ಅದು ಬೆನ್ನು ಹಿಂದಕ್ಕೆ ಬಾಗಿಸಿ ಸೊಂಟದ ಮೇಲೆ ಭಾರ ಹಾಕುತ್ತದೆ, ಆ ವಯಸ್ಸಿನಲ್ಲಿ ಅದು ಖಂಡಿತ ಒಳ್ಳೆಯದಲ್ಲ. ನಾಲ್ಕು ಕಿಲೋ ಒಳಗಿನ ಜೂನಿಯರ್ ರೈಫಲ್ ಸಾಕು. ಇಲ್ಲವೇ ಸ್ಟ್ಯಾಂಡ್ ಮೇಲಿಟ್ಟು ಹೊಡೆಯುವುದನ್ನು ಮೊದಲು ಕಲಿಸಿ. ಎಡಗೈ ಮಕ್ಕಳಿಗೆ ಎಡಗೈಯದ್ದೇ ಹಿಡಿ ಬೇಕು, "ಅಭ್ಯಾಸ ಆಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ.

ಇಷ್ಟೆಲ್ಲ ಯಾಕೆ ಅಂತೀರಾ? ಒಂದು ಲೆಕ್ಕ ನೋಡಿ. ರೈಫಲ್ ಕಾರ್ಡಿನ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ. ಪೆಲೆಟ್ಟಿನ ಅಂಚು ಅದಕ್ಕೆ ತಾಗಿದರೆ ಸಾಕು, ಹತ್ತು ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡುಭಾಗ ಕೇಂದ್ರದಿಂದ ಎರಡೂವರೆ ಮಿ.ಮೀ. ಒಳಗೆ ಬೀಳಬೇಕು. 10 ಮೀಟರ್ ದೂರದಲ್ಲಿ ಎರಡೂವರೆ ಮಿ.ಮೀ. ತಪ್ಪಬೇಕಾದರೆ, ಎರಡು ಸೈಟುಗಳ ನಡುವೆ 75 ಸೆಂ.ಮೀ. ಇರುವ ರೈಫಲ್‌ನಲ್ಲಿ ಮುಂದಿನ ಸೈಟ್ 0.19 ಮಿ.ಮೀ. ಸರಿದರೆ ಸಾಕು. ನೋಟ್‌ಬುಕ್ಕಿನ ಎರಡು ಹಾಳೆ ಒಟ್ಟಿಗೆ ಹಿಡಿದಷ್ಟು ದಪ್ಪ. ಕೆನ್ನೆ ಒಂದು ಸಲ ಒತ್ತಿ, ಇನ್ನೊಂದು ಸಲ ಸುಮ್ನೆ ತಾಗಿಸಿದರೂ ಅಷ್ಟು ಸರಿದುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ

ಒಳ್ಳೆಯ ಪಿಸಿಪಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ, ತಗೊಳ್ಳಬಹುದು. ಆದರೆ ಮೊದಲು ಸಿಲಿಂಡರ್ ತಿರುಗಿಸಿ ಅದರ ಮೇಲೆ ಕೊರೆದ ತಾರೀಖು ಓದಿ. ಹೆಚ್ಚಿನ ಕಂಪನಿಗಳು 10 ವರ್ಷದ ಅವಧಿ ಕೊಡುತ್ತವೆ. ಅವಧಿ ಮುಗಿದ ಸಿಲಿಂಡರ್ ಸ್ಪರ್ಧೆಯಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಅಂತೂ ಬೇಡವೇ ಬೇಡ. 200 ಬಾರ್ ಅಂದರೆ ಕಾರಿನ ಟೈರಿನ ಒತ್ತಡದ ಸುಮಾರು ನೂರು ಪಟ್ಟು, ಅದು ನಿಮ್ಮ ಮುಖದ ಪಕ್ಕದಲ್ಲೇ ಇರುತ್ತದೆ. ನಾನು ಕೊಂಡ ಮೊದಲ ಪಿಸಿಪಿಯ ತಾರೀಖಿನ ಮೇಲೆ ಮಾರಿದವರು ಚಂದದ ಸ್ಟಿಕರ್ ಅಂಟಿಸಿದ್ದರು. ಮನೆಗೆ ಬಂದು ಒರೆಸುವಾಗ ಸ್ಟಿಕರ್ ಕಿತ್ತುಬಂತು, ನೋಡಿದರೆ ಅವಧಿ ಮುಗಿದು ಎರಡು ವರ್ಷ ಆಗಿತ್ತು. ಹೊಸ ಸಿಲಿಂಡರಿಗೆ ಮತ್ತೆ ದುಡ್ಡು ಕೊಟ್ಟೆ. ಕೇಳಿದ ಬೆಲೆಯಲ್ಲಿ ಸಿಲಿಂಡರ್ ಬೆಲೆ ಕಳೆದು ಮಾತಾಡಿ.

ಎರಡನೆಯದಾಗಿ, ಗಾಳಿ ತುಂಬಿಸಿ ಮೀಟರ್ ಮುಳ್ಳಿನ ಫೋಟೊ ತೆಗೆದು, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೋಗಿದೆ. ಇದು ಸಣ್ಣ ರಿಪೇರಿ, ಆದರೆ ಬೆಲೆ ಇಳಿಸಲು ಕಾರಣ.

ಗಾಳಿ

ಕೈ ಪಂಪ್ ಸಾಕು. 100 ಬಾರ್‌ಗೆ ಇಳಿದ ಕೂಡಲೇ ತುಂಬಿ, ಪೂರ್ತಿ ಖಾಲಿ ಮಾಡಬೇಡಿ. ಬೆಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವ ಪಂಪಿನೊಳಗೆ ನೀರಾಗುತ್ತದೆ, ಐವತ್ತು ಸಲ ಒತ್ತಿದ ಮೇಲೆ ಕೆಳಗಿನ ತಿರುಪು ಬಿಚ್ಚಿ ಹೊರಗೆ ಬಿಡಿ. ಗಾಳಿ ಹೋಗುವ ದಾರಿಗೆ ಹೊಲಿಗೆ ಯಂತ್ರದ ಎಣ್ಣೆ, ಗ್ರೀಸ್ ಯಾವುದೂ ತಾಗಬಾರದು. ಅಷ್ಟು ಒತ್ತಡದಲ್ಲಿ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಹುದು. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಆಕ್ಸಿಜನ್ ಸಿಲಿಂಡರಿಂದ ಎಂದೂ ತುಂಬಬೇಡಿ, ಅದು ಪ್ರಾಣಕ್ಕೇ ಅಪಾಯ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಪೆಲೆಟ್ ಆರಿಸುವುದು

ನನಗೆ ಅತಿ ಇಷ್ಟವಾದ ಕೆಲಸ ಇದು. ಒಂದೇ ಕಂಪನಿ, ಒಂದೇ ಹೆಸರು, ಒಂದೇ ತೂಕದ ಎರಡು ಡಬ್ಬಿ ನಿಮ್ಮ ರೈಫಲ್‌ನಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ಪೆಲೆಟ್ಟಿನ ತಲೆಯ ಅಳತೆ 4.48ರಿಂದ 4.52 ಮಿ.ಮೀ.ವರೆಗೆ ಇರುತ್ತದೆ, ನಿಮ್ಮ ನಳಿಗೆಗೆ ಯಾವುದು ಇಷ್ಟ ಎಂದು ಹೊಡೆದೇ ನೋಡಬೇಕು. ಸ್ಪರ್ಧೆಗೆ ಚಪ್ಪಟೆ ತಲೆಯ ಪೆಲೆಟ್ ಬೇಕು, ಅದು ಪೇಪರ್ ಪಂಚ್ ಹೊಡೆದ ಹಾಗೆ ದುಂಡಗೆ ತೂತು ಮಾಡುತ್ತದೆ. ಚೂಪು ತಲೆಯದ್ದು ಕಾಗದ ಹರಿಯುತ್ತದೆ, ಅಂಕ ಲೆಕ್ಕ ಹಾಕಲು ಆಗುವುದಿಲ್ಲ. ಆರ್‌ಡಬ್ಲ್ಯುಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಇವುಗಳಿಂದ ಒಂದೊಂದು ಡಬ್ಬಿ ತನ್ನಿ. ಇಬ್ಬರು ಮೂವರು ಸೇರಿ ತಂದು ಹಂಚಿಕೊಂಡರೆ ಖರ್ಚು ಕಡಿಮೆ.

ಪರೀಕ್ಷೆ ಹೀಗೆ. ಗಟ್ಟಿ ಮೇಜಿನ ಮೇಲೆ ಮರಳು ತುಂಬಿದ ಎರಡು ಬಟ್ಟೆ ಚೀಲ ಇಟ್ಟು ಅದರ ಮೇಲೆ ರೈಫಲ್ ಕೂರಿಸಿ. ಟ್ರ್ಯಾಪನ್ನೂ ಆ ಎತ್ತರಕ್ಕೆ ಇಳಿಸಿ. ಮೊದಲು ಐದು ಪೆಲೆಟ್ ಲೆಕ್ಕಕ್ಕಿಲ್ಲದೆ ಹೊಡೆಯಿರಿ, ಹಿಂದಿನ ಡಬ್ಬಿಯ ಸೀಸ ನಳಿಗೆಯಿಂದ ಹೋಗಲಿ. ಆಮೇಲೆ ಒಂದೇ ಕಾರ್ಡಿಗೆ ಹತ್ತು. ಕಾರ್ಡಿನ ಹಿಂದೆ ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆಯಿರಿ. ಪ್ರತಿ ಡಬ್ಬಿಗೂ ಇಂಥ ಮೂರು ಕಾರ್ಡ್. ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ.

ಎಷ್ಟು ಬಂದರೆ ಒಳ್ಳೆಯದು? ಮೇಲಿನ ಲೆಕ್ಕವೇ ಮುಂದುವರಿಸಿ. ಎಲ್ಲವೂ ಹತ್ತಾಗಬೇಕಾದರೆ ಗುಂಪಿನ ಹೊರ ಅಳತೆ 9.5 ಮಿ.ಮೀ. ದಾಟಬಾರದು. ಒಳ್ಳೆಯ ಪಿಸಿಪಿ, ಒಗ್ಗಿದ ಪೆಲೆಟ್ ಇದ್ದರೆ 7 ಮಿ.ಮೀ. ಒಳಗೆ ಬರುತ್ತದೆ. ಉಳಿದ ಎರಡೂವರೆ ಮಿ.ಮೀ. ನಿಮ್ಮ ಕೈ ನಡುಕಕ್ಕೆ ಸಿಕ್ಕ ಜಾಗ. ಪೆಲೆಟ್ಟೇ 9 ಮಿ.ಮೀ. ಹರಡಿದರೆ ನಿಮಗೆ ಏನೂ ಉಳಿಯಲಿಲ್ಲ ಅಲ್ವಾ? ಅದಕ್ಕೇ ಹೇಳಿದ್ದು, ರೈಫಲ್‌ಗೆ ಲಕ್ಷ ಹಾಕಿ ಪೆಲೆಟ್ಟಿನಲ್ಲಿ ಜಿಪುಣತನ ಮಾಡಬೇಡಿ. ಚೆನ್ನಾಗಿ ಬಂದ ಲಾಟ್ ಸಿಕ್ಕಿದ ತಕ್ಷಣ ಅದೇ ನಂಬರಿನ ಹತ್ತು ಡಬ್ಬಿ ಕೊಂಡಿಡಿ. ಸ್ಪ್ರಿಂಗ್ ಗನ್ ಇರುವವರು 15 ಮಿ.ಮೀ. ಬಂದರೂ ಖುಷಿಪಡಿ, ಸದ್ಯಕ್ಕೆ ಧಾರಾಳ ಸಾಕು.

ದಿನದ ಅಭ್ಯಾಸ, ಸೀಸ, ಬೀಗ

ಪೆಲೆಟ್ ಸೀಸದ್ದು. ಹೊಡೆಯುವಾಗ ಏನೂ ತಿನ್ನಬೇಡಿ, ಪೆಲೆಟ್ ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಕಾಫಿ. ಟ್ರ್ಯಾಪ್ ಸುತ್ತಲಿನ ನೆಲವನ್ನು ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬೇರೆಯದಕ್ಕೆ ಬಳಸಬೇಡಿ. ತೆವಳುವ ಮಗು ಇರುವ ಮನೆಯಲ್ಲಿ ಟ್ರ್ಯಾಪ್ ಒಳಗೆ ಬೇಡ. ಬಿದ್ದ ಸೀಸವನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ, ತುಂಬಿದ ಮೇಲೆ ಹಳೇ ಬ್ಯಾಟರಿ ತಗೊಳ್ಳುವವರ ಹತ್ತಿರ ಕೇಳಿ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ 3 ಮಿ.ಮೀ. ದಪ್ಪದ ಕಿತ್ತಳೆ ಬಣ್ಣದ ನೈಲಾನ್ ದಾರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಳಿಗೆಗಿಂತ ಒಂದಡಿ ಉದ್ದ ಕತ್ತರಿಸಿ. ಹೊಡೆಯದೆ ಇರುವಾಗಲೆಲ್ಲ ಆ ದಾರ ನಳಿಗೆಯ ಎರಡೂ ಕಡೆ ಕಾಣುವ ಹಾಗೆ ತೂರಿಸಿಡಿ. ದಾರ ಪೂರ್ತಿ ಹಾದುಹೋದರೆ ಒಳಗೆ ಪೆಲೆಟ್ ಇಲ್ಲ ಎಂದು ದೂರದಿಂದಲೇ ಗೊತ್ತಾಗುತ್ತದೆ. ರೇಂಜ್‌ನಲ್ಲಿ ಇದು ನಿಯಮ, ಮನೆಯಲ್ಲೂ ನಿಯಮ ಮಾಡಿಕೊಳ್ಳಿ. ರೈಫಲ್ ಒಂದು ಬೀರುವಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಕೀಲಿ ದೊಡ್ಡವರ ಹತ್ತಿರ.

ಸ್ಪರ್ಧೆಯಲ್ಲಿ 75 ನಿಮಿಷದಲ್ಲಿ 60 ಹೊಡೆಯಬೇಕು, ಅದಕ್ಕೆ ಮೊದಲು ತಯಾರಿಗೆ 15 ನಿಮಿಷ. ಮನೆಯಲ್ಲಿ ಶುರುವಿಗೆ 20 ಸಾಕು. ಅದಕ್ಕೆ ಮುಂಚೆ 20 ಸಲ, ಪಿಸಿಪಿ ಆದರೆ, ಪೆಲೆಟ್ ಇಲ್ಲದೆ ಟ್ರಿಗರ್. 2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೂ ಮನೆಯಲ್ಲೇ ರೇಂಜ್ ಇತ್ತು. ನಿಮ್ಮ ಹಾಲ್ ಅಷ್ಟು ದೊಡ್ಡದಿಲ್ಲದಿದ್ದರೂ 10 ಮೀಟರ್ ಎಲ್ಲರಿಗೂ ಒಂದೇ.

ಮೊದಲ ವಾರ ಕಾರ್ಡನ್ನು ತಿರುಗಿಸಿ ಬಿಳಿ ಬದಿಗೆ ಹೊಡೆಯಿರಿ. ಕಪ್ಪು ವೃತ್ತ ಇಲ್ಲ, ಅಂಕ ಇಲ್ಲ. ಬಿಳಿಯ ನಡುವೆ ಎಲ್ಲೋ ಒಂದು ಕಡೆ ಹತ್ತು ತೂತು. ಹತ್ತು ಮುಗಿದ ಮೇಲೆ ಹತ್ತಿರ ಹೋಗಿ ನೋಡಿ. ಗುಂಪು ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಉಸಿರನ್ನು ಗಮನಿಸಿ, ಅಡ್ಡಕ್ಕೆ ಹರಡಿದ್ದರೆ ಪಾದ ಇಟ್ಟ ದಿಕ್ಕನ್ನು ಒಂದಿಂಚು ಬದಲಾಯಿಸಿ. ಕಾರ್ಡಿನ ಮೂಲೆಯಲ್ಲಿ ತಾರೀಖು, ಲಾಟ್ ನಂಬರ್, ಪಾದ ಎಲ್ಲಿಟ್ಟಿದ್ದಿರಿ ಎಂದು ಪೆನ್ಸಿಲಿನಲ್ಲಿ ಬರೆದು ಫೈಲಿಗೆ ಸೇರಿಸಿ. ನಾಳೆ ಅದೇ ಜಾಗದಲ್ಲಿ ನೆಲಕ್ಕೆ ಟೇಪ್ ಅಂಟಿಸಿ ನಿಂತು ಮತ್ತೆ ಹತ್ತು.